ರಿಟರ್ನ್ ಆದ ಪುಸ್ತಕ ಕಪಾಟು ಸೇರುವ ತನಕದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಎಷ್ಟು ಜನ ಬೇಕು, ಎಷ್ಟು ಹೊತ್ತು ತೆರೆದಿರಬೇಕು, ಯಾವ ಯಂತ್ರ ಬರಬೇಕು ಎಂದು ತೀರ್ಮಾನ ಮಾಡುವ ಎಲ್ಲರಿಗೂ ನಮಸ್ಕಾರ. ಕುಲಪತಿಗಳು, ಕುಲಸಚಿವರು, ಹಣಕಾಸು ಅಧಿಕಾರಿಗಳು, ಗ್ರಂಥಾಲಯ ಸಮಿತಿಯ ಸದಸ್ಯರು, ನಿಮಗೆಲ್ಲ ಸೇರಿಸಿಯೇ ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಓದಿದರೆ ಒಳ್ಳೆಯದೇ. ಅವರಿಗೂ ಹೇಳಬೇಕಾದ ಒಂದೆರಡು ಮಾತು ಮಧ್ಯೆ ಬರುತ್ತವೆ.

ನಾನು ಸರ್ಕ್ಯುಲೇಷನ್ ಕೌಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕ ಇಶ್ಯೂ ಮಾಡುವ, ವಾಪಸ್ ತೆಗೆದುಕೊಳ್ಳುವ ಜಾಗ. ನಮ್ಮ ಕೆಲಸವನ್ನು ನೀವು ಅಳೆಯುವುದು ತಿಂಗಳ ಕೊನೆಗೆ ನಿಮ್ಮ ಮೇಜಿಗೆ ಬರುವ ಒಂದು ವರದಿಯಿಂದ. ಅದರಲ್ಲಿ ಎರಡೇ ಅಂಕಿ. ಇಷ್ಟು ಇಶ್ಯೂ, ಇಷ್ಟು ರಿಟರ್ನ್. ಅಂಕಿ ಇಳಿದರೆ ಕೌಂಟರ್‌ನಲ್ಲಿ ಕೆಲಸ ಕಡಿಮೆಯಾಗಿದೆ, ಜನ ಕಡಿಮೆ ಮಾಡೋಣ ಎಂಬ ಮಾತು ಬರುತ್ತದೆ. ಅಂಕಿ ಏರಿದರೆ ಓದುಗರೇ ಪುಸ್ತಕ ಇಶ್ಯೂ ಮಾಡಿಕೊಳ್ಳುವ ಯಂತ್ರ, ಅಂದರೆ ಸೆಲ್ಫ್ ಚೆಕ್‌ಔಟ್ ಕಿಯಾಸ್ಕ್ ತರೋಣ, ಆಗಲೂ ಜನ ಕಡಿಮೆ ಮಾಡಬಹುದು ಎಂಬ ಮಾತು ಬರುತ್ತದೆ. ಎರಡೂ ಕಡೆಯಿಂದ ಬಂದು ನಿಲ್ಲುವುದು ಒಂದೇ ಕಡೆ.

ಆ ಎರಡು ಅಂಕಿ ಸುಳ್ಳಲ್ಲ. ಆದರೆ ಬಾರ್‌ಕೋಡ್ ಮೇಲೆ ಸ್ಕ್ಯಾನರ್ ಬೆಳಕು ಬಿದ್ದು ಬೀಪ್ ಅನ್ನುವ ಕ್ಷಣವನ್ನು ಮಾತ್ರ ಅವು ಹಿಡಿಯುತ್ತವೆ. ಅದಕ್ಕೆ ಮುಂಚೆ ನಡೆದದ್ದೂ ಆಮೇಲೆ ನಡೆದದ್ದೂ ಎಲ್ಲೂ ದಾಖಲಾಗುವುದಿಲ್ಲ. ಕೌಂಟರ್‌ನ ದೊಡ್ಡ ಕೆಲಸ ಇರುವುದೇ ಅಲ್ಲಿ. ವಾಪಸ್ ಬಂದ ಪುಸ್ತಕ ತನ್ನ ಕಪಾಟಿಗೆ ಹೋಗಬೇಕು, ತನ್ನ ಸಾಲಿಗೆ ಹೋಗಬೇಕು, ಆ ಸಾಲಿನಲ್ಲಿ ಸರಿಯಾದ ಎರಡು ಪುಸ್ತಕಗಳ ನಡುವೆ ಹೋಗಿ ನಿಲ್ಲಬೇಕು. ತಪ್ಪು ಜಾಗದಲ್ಲಿ ನಿಂತ ಪುಸ್ತಕ ಕಳೆದುಹೋದ ಪುಸ್ತಕವೇ ಎಂದು ಗ್ರಂಥಾಲಯದವರೆಲ್ಲ ಹೇಳುತ್ತಾರೆ. ಅದು ಸುಮ್ನೆ ಹೇಳುವ ಮಾತಲ್ಲ. ಲಕ್ಷಗಟ್ಟಲೆ ಪುಸ್ತಕ ಇರುವ ಕಟ್ಟಡದಲ್ಲಿ ಒಂದು ಪುಸ್ತಕ ಹತ್ತು ಸಾಲು ಆಚೆ ಹೋಗಿ ಕೂತರೆ, ಅದನ್ನು ಬೇಕೆಂದು ಹುಡುಕಿ ಬಂದವರಿಗೆ ಅದು ಇಲ್ಲ. ಕ್ಯಾಟಲಾಗ್ ಮಾತ್ರ ಇದೆ ಎನ್ನುತ್ತಲೇ ಇರುತ್ತದೆ.

ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬಾಗಿಲು ತೆರೆಯುವ ಮೊದಲೇ ಶುರುವಾಗುತ್ತದೆ. ರಾತ್ರಿ ಬುಕ್ ಡ್ರಾಪ್‌ಗೆ, ಅಂದರೆ ಬಾಗಿಲು ಮುಚ್ಚಿದಾಗ ಪುಸ್ತಕ ವಾಪಸ್ ಹಾಕುವ ಪೆಟ್ಟಿಗೆಗೆ, ಬಿದ್ದ ಪುಸ್ತಕಗಳನ್ನು ಮೊದಲು ಹೊರಗೆ ತೆಗೆಯಬೇಕು. ತೆಗೆದ ಕೂಡಲೇ ಸ್ಕ್ಯಾನ್ ಮಾಡಿ ಪಕ್ಕಕ್ಕಿಡುವುದಲ್ಲ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಒದ್ದೆಯಾಗಿದೆಯಾ? ಒದ್ದೆ ಪುಸ್ತಕಕ್ಕೆ ಎರಡು ಮೂರು ದಿನದಲ್ಲಿ ಬೂಷ್ಟು ಹಿಡಿಯಬಹುದು, ಅದು ಹಾಗೇ ಕಪಾಟಿಗೆ ಹೋದರೆ ಪಕ್ಕದವಕ್ಕೂ ಹಬ್ಬುತ್ತದೆ. ಹಾಳೆ ಕಿತ್ತು ಬಂದಿದೆಯಾ? ಬೈಂಡಿಂಗ್ ಸಡಿಲವಾಗಿದೆಯಾ? ಬೆನ್ನಿನ ಮೇಲಿನ ಲೇಬಲ್ ಉದುರಿದೆಯಾ? ಇದನ್ನೆಲ್ಲ ವಾಪಸ್ ಬಂದಾಗಲೇ ನೋಡಿ ಬರೆದಿಡದಿದ್ದರೆ ಅದರ ಪೆಟ್ಟು ಬೀಳುವುದು ಮುಂದೆ ಆ ಪುಸ್ತಕ ಒಯ್ಯುವ ವಿದ್ಯಾರ್ಥಿಗೆ. ಯಾರೋ ಹರಿದ ಹಾಳೆಗೆ ಇನ್ಯಾರೋ ಉತ್ತರ ಕೊಡಬೇಕಾಗುತ್ತದೆ. ಕಿಯಾಸ್ಕ್‌ಗೆ ಬಾರ್‌ಕೋಡ್ ಕಾಣುತ್ತದೆ, ಪುಸ್ತಕಕ್ಕೆ ಅಂಟಿಸಿದ ಎಲೆಕ್ಟ್ರಾನಿಕ್ ಟ್ಯಾಗ್ ಕಾಣುತ್ತದೆ, ಹರಿದ ಹಾಳೆ ಕಾಣುವುದಿಲ್ಲ.

ಪುಸ್ತಕದೊಳಗೆ ಬಿಟ್ಟುಹೋದ ವಸ್ತುಗಳದ್ದೂ ಒಂದು ಕೆಲಸ. ಹಾಲ್ ಟಿಕೆಟ್ ಇರುತ್ತದೆ, ವೈದ್ಯರ ಚೀಟಿ ಇರುತ್ತದೆ, ಮನೆಯವರು ಬರೆದ ಪತ್ರ ಇರುತ್ತದೆ. ಓದದೆ ಲಕೋಟೆಗೆ ಹಾಕಿ, ಯಾವ ಪುಸ್ತಕದಲ್ಲಿ ಸಿಕ್ಕಿತು ಎಂದು ಮೇಲೆ ಬರೆದು, ಆ ವಿದ್ಯಾರ್ಥಿಗೆ ತಿಳಿಸುತ್ತೇವೆ. ನಾಳೆ ಪರೀಕ್ಷೆ ಇದೆ, ಹಾಲ್ ಟಿಕೆಟ್ ಕಾಣಿಸುತ್ತಿಲ್ಲ ಎಂದು ಒದ್ದಾಡುತ್ತಿರುವ ಹುಡುಗಿಗೆ ಬೆಳಗ್ಗೆಯೇ ಒಂದು ಫೋನ್ ಹೋದರೆ ಅದು ಸಣ್ಣ ವಿಷಯ ಅಲ್ಲ. ಇದಕ್ಕೂ ವರದಿಯಲ್ಲಿ ಕಾಲಂ ಇಲ್ಲ.

ಆಮೇಲೆ ವಿಂಗಡಣೆ. ಇದು ಯಾರು ಬೇಕಾದರೂ ಮಾಡಬಹುದಾದ ಕೆಲಸ ಎಂದು ತುಂಬಾ ಜನ ಅಂದುಕೊಂಡಿದ್ದಾರೆ, ಅದಕ್ಕೇ ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ಒಂದೊಂದು ವಿಷಯಕ್ಕೂ ಒಂದು ಅಂಕಿ ಕೊಡುವ ದಶಮಾಂಶ ವರ್ಗೀಕರಣ ಇವತ್ತಿಗೂ ಬಹಳಷ್ಟು ಗ್ರಂಥಾಲಯಗಳಲ್ಲಿ ಇದೆ. 530 ಅಂದರೆ ಭೌತಶಾಸ್ತ್ರ, 540 ಅಂದರೆ ರಸಾಯನಶಾಸ್ತ್ರ, ಕನ್ನಡ ಸಾಹಿತ್ಯ ಇರುವುದು 894.814ರಲ್ಲಿ. ಈಗ 530.12 ಮತ್ತು 530.4 ಎಂಬ ಎರಡು ಪುಸ್ತಕ ಕೈಗೆ ಕೊಟ್ಟರೆ ಹೊಸಬರು ಏನು ಮಾಡುತ್ತಾರೆ? ಹನ್ನೆರಡು ದೊಡ್ಡದು, ನಾಲ್ಕು ಚಿಕ್ಕದು ಅಂದುಕೊಂಡು ಕ್ವಾಂಟಂ ಮೆಕ್ಯಾನಿಕ್ಸ್ ಪುಸ್ತಕವನ್ನು ಹಿಂದಕ್ಕೆ ಇಟ್ಟುಬಿಡುತ್ತಾರೆ. ಚುಕ್ಕೆಯ ನಂತರದ್ದು ದಶಮಾಂಶ, ಅದಕ್ಕೇ 530.12 ಮೊದಲು ಬರುತ್ತದೆ. ಇಂಥ ಎಡವಟ್ಟು ಒಂದು ಟ್ರಾಲಿಯಲ್ಲಿ ನಾಲ್ಕಾದರೆ, ಸೆಮಿಸ್ಟರ್ ಪೂರ್ತಿ ಎಷ್ಟಾಗಬಹುದು ಯೋಚಿಸಿ. ಅಂಕಿ ಅದಲುಬದಲು ಓದುವುದು ಇನ್ನೊಂದು. 519.5 ಸಂಖ್ಯಾಶಾಸ್ತ್ರ, 591.5 ಪ್ರಾಣಿಗಳ ನಡವಳಿಕೆ. ಸುಸ್ತಾದ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಸಂಖ್ಯಾಶಾಸ್ತ್ರದ ಪುಸ್ತಕ ಪ್ರಾಣಿಶಾಸ್ತ್ರದ ಕಪಾಟಿಗೆ ಹೋಗಿ ಕೂರುತ್ತದೆ. ಅಲ್ಲಿ ಓಡಾಡುವವರಿಗೆ ಅದು ಬೇಡ. ಬೇಕಾದವರು ಅಲ್ಲಿಗೆ ಹೋಗುವುದಿಲ್ಲ.

ಅಂಕಿಯ ಕೆಳಗೆ ಲೇಖಕರ ಅಕ್ಷರಗಳು, ಅದರ ಕೆಳಗೆ ಸಂಪುಟ, ಆವೃತ್ತಿಯ ವರ್ಷ, ಪ್ರತಿ ಸಂಖ್ಯೆ. ಅಷ್ಟನ್ನೂ ನೋಡಿ ಇಡಬೇಕು. ಇಡುವಾಗ ಸಾಲು ಬಿಗಿಯಾಗಿದ್ದರೆ ತುರುಕಬಾರದು, ಪಕ್ಕದ ಸಾಲಿಗೆ ಸ್ವಲ್ಪ ಸರಿಸಿ ಜಾಗ ಮಾಡಬೇಕು. ಕಪಾಟು ತುಂಬಿ ತುಳುಕುವಾಗ ಒಂದು ಪುಸ್ತಕಕ್ಕೆ ಜಾಗ ಮಾಡಲು ಮೂರು ಸಾಲಿನ ಪುಸ್ತಕ ಸರಿಸಬೇಕಾಗುತ್ತದೆ. ಹೊಸ ಪುಸ್ತಕ ಕೊಳ್ಳಲು ಹಣ ಮಂಜೂರು ಮಾಡುವಾಗ ಅವು ನಿಲ್ಲುವ ಜಾಗದ ಬಗ್ಗೆ ಯಾರೂ ಕೇಳುವುದಿಲ್ಲ, ಅಲ್ವಾ?

ಓದುಗರಿಗೆ ಇಲ್ಲೊಂದು ಮಾತು. ಪುಸ್ತಕ ತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಹಾಕಿ ಎಳೆಯಬೇಡಿ, ಬೈಂಡಿಂಗ್ ಮೊದಲು ಹರಿಯುವುದು ಅಲ್ಲೇ. ಅಕ್ಕಪಕ್ಕದ ಎರಡು ಪುಸ್ತಕಗಳನ್ನು ಸ್ವಲ್ಪ ಒಳಗೆ ತಳ್ಳಿ, ಬೇಕಾದದ್ದನ್ನು ನಡುವಿನಲ್ಲಿ ಹಿಡಿದು ತೆಗೆಯಿರಿ. ಹಾಳೆ ಹರಿದರೆ ಸೆಲ್ಲೋ ಟೇಪ್ ಹಚ್ಚಬೇಡಿ. ಅದು ಕೆಲವು ವರ್ಷದಲ್ಲಿ ಹಳದಿಯಾಗಿ, ಅಂಟು ಕಾಗದದೊಳಕ್ಕೆ ಇಳಿದು, ಆಮೇಲೆ ಸರಿಮಾಡಲು ಆಗದ ಹಾಗೆ ಮಾಡುತ್ತದೆ. ಹರಿದಿದೆ ಎಂದು ಕೌಂಟರ್‌ನಲ್ಲಿ ಹೇಳಿ, ಅಷ್ಟು ಸಾಕು, ಯಾರೂ ಬೈಯುವುದಿಲ್ಲ. ಓದಿದ ಪುಸ್ತಕವನ್ನು ನೀವೇ ಕಪಾಟಿಗೆ ಇಡಲು ಹೋಗಬೇಡಿ, ಮೇಜಿನ ಮೇಲೆ ಬಿಡಿ. ಇದು ಸೋಮಾರಿತನ ಅನ್ನಿಸಬಹುದು, ಆದರೆ ನಮಗೆ ಅದೇ ಸಹಾಯ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪುಸ್ತಕ ರಿಟರ್ನ್ ಆದ ಕ್ಷಣದಲ್ಲಿ ಕಂಪ್ಯೂಟರ್‌ನಲ್ಲಿ ಅದರ ಸ್ಥಿತಿ ಬದಲಾಗುತ್ತದೆ. ಲಭ್ಯವಿದೆ ಎಂದು ತೋರಿಸುತ್ತದೆ. ಪುಸ್ತಕ ಮಾತ್ರ ಇನ್ನೂ ಟ್ರಾಲಿಯ ಮೇಲೆ ಇರುತ್ತದೆ. ಈ ನಡುವಿನ ಹೊತ್ತು ಎಷ್ಟು ಎನ್ನುವುದೇ ಗ್ರಂಥಾಲಯದ ಆರೋಗ್ಯ. ಒಂದೆರಡು ಗಂಟೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ವಾರವಾದರೆ ಓದುಗರು ಮೊಬೈಲ್‌ನಲ್ಲಿ ಕಾಲ್ ನಂಬರ್, ಅಂದರೆ ಪುಸ್ತಕದ ಲೇಬಲ್ ಮೇಲಿನ ಅಂಕಿ, ಹಿಡಿದು ಕಪಾಟಿನ ಮುಂದೆ ನಿಂತು, ಇಲ್ಲ ಅಂದುಕೊಂಡು ಹೋಗಿಬಿಡುತ್ತಾರೆ. ಹತ್ತರಲ್ಲಿ ಒಬ್ಬರು ಬಂದು ಕೇಳುತ್ತಾರೋ ಇಲ್ಲವೋ.

ಬಹಳ ವಿಶ್ವವಿದ್ಯಾಲಯಗಳು ಬಳಸುವ ಕೋಹಾ ಎಂಬ ತಂತ್ರಾಂಶವನ್ನೇ ನೋಡಿ. ನ್ಯೂಜಿಲೆಂಡ್‌ನ ಹೊರೊವೆನುವಾ ಎಂಬ ಜಿಲ್ಲೆಯ ಸಣ್ಣ ಗ್ರಂಥಾಲಯ ಸಂಸ್ಥೆಯೊಂದರ ಹಳೆಯ ವ್ಯವಸ್ಥೆ 2000ನೇ ಇಸವಿಯನ್ನು ದಾಟುವ ಹಾಗಿರಲಿಲ್ಲ. ಅದಕ್ಕಾಗಿ 1999ರಲ್ಲಿ ಬರೆಸಿದ್ದು ಇದು, 2000ದ ಜನವರಿಯಲ್ಲಿ ಬಳಕೆಗೆ ಬಂತು. ಇದರಲ್ಲಿ ಒಂದು ಒಳ್ಳೆಯ ಸೌಲಭ್ಯ ಇದೆ. ವಾಪಸ್ ಬಂದ ಪುಸ್ತಕ ಸದ್ಯ ಟ್ರಾಲಿಯಲ್ಲಿದೆ ಎಂದು ಓದುಗರಿಗೆ ತೋರಿಸುವ ಹಾಗೆ ಮಾಡಬಹುದು. ಇಷ್ಟು ಗಂಟೆ ಎಂದು ನಾವು ಮೊದಲೇ ಹೇಳಿಟ್ಟರೆ, ಆ ಹೊತ್ತು ಕಳೆದ ಮೇಲೆ ತಂತ್ರಾಂಶ ತಾನಾಗಿಯೇ ಪುಸ್ತಕ ಕಪಾಟಿನಲ್ಲಿದೆ ಎಂದು ಬದಲಾಯಿಸುತ್ತದೆ. ಯಾರಾದರೂ ಇಟ್ಟರಾ ಇಲ್ಲವಾ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅಷ್ಟು ಹೊತ್ತಿನೊಳಗೆ ಒಬ್ಬ ಮನುಷ್ಯ ಇಟ್ಟಿರುತ್ತಾನೆ ಎಂದು ನಂಬಿಕೊಂಡು ಅದು ಕೆಲಸ ಮಾಡುತ್ತದೆ. ಆ ಮನುಷ್ಯನ ಹುದ್ದೆಯನ್ನೇ ತೆಗೆದುಹಾಕಿದರೆ ಕಂಪ್ಯೂಟರ್ ಪ್ರತಿ ದಿನ ನೂರಾರು ಪುಸ್ತಕಗಳ ಬಗ್ಗೆ ಓದುಗರಿಗೆ ತಪ್ಪು ಮಾಹಿತಿ ಕೊಡುತ್ತಾ ಹೋಗುತ್ತದೆ. ನಿಮ್ಮ ವರದಿಯಲ್ಲಿ ಮಾತ್ರ ರಿಟರ್ನ್ ಅಂಕಿ ಸರಿಯಾಗಿಯೇ ಇರುತ್ತದೆ.

ಪುಸ್ತಕ ಸಿಗುತ್ತಿಲ್ಲ ಎಂದು ಯಾರಾದರೂ ಬಂದು ಹೇಳಿದಾಗ ನಾವು ಏನು ಮಾಡುತ್ತೇವೆ ಎನ್ನುವುದನ್ನೂ ಕೇಳಿ. ಮೊದಲು ಟ್ರಾಲಿ. ಆಮೇಲೆ ವಿಂಗಡಣೆಯ ಕಪಾಟು. ಆಮೇಲೆ ಅದರ ಸರಿಯಾದ ಜಾಗ, ಅದರ ಮೇಲಿನ ಸಾಲು, ಕೆಳಗಿನ ಸಾಲು, ಸಾಲಿನ ಹಿಂದೆ ಬಿದ್ದಿದೆಯಾ ಎಂದು ಕೈ ಹಾಕಿ ನೋಡುವುದು. ಅಂಕಿ ಅದಲುಬದಲಾದರೆ ಎಲ್ಲಿಗೆ ಹೋಗಬಹುದು ಎಂದು ಯೋಚಿಸಿ ಅಲ್ಲಿ. ದೊಡ್ಡ ಅಳತೆಯ ಪುಸ್ತಕವಾದರೆ ಮಲಗಿಸಿ ಇಡುವ ಕಡೆ. ಜೆರಾಕ್ಸ್ ಯಂತ್ರದ ಪಕ್ಕ, ಓದುವ ಕೋಣೆಯ ಮೇಜುಗಳು, ಬೈಂಡಿಂಗ್‌ಗೆ ಕಟ್ಟಿಟ್ಟ ರಾಶಿ, ಹೊಸ ಪುಸ್ತಕಗಳ ಪ್ರದರ್ಶನ. ಅದೇ ಬಣ್ಣದ, ಅದೇ ದಪ್ಪದ ಇನ್ನೊಂದು ಸಂಪುಟದ ಜೊತೆ ಅಂಟಿಕೊಂಡಿದೆಯಾ ಎಂದೂ ನೋಡುತ್ತೇವೆ. ಇದು ಯಾವ ಕೈಪಿಡಿಯಲ್ಲೂ ಇದೇ ಕ್ರಮದಲ್ಲಿ ಇರುವುದಿಲ್ಲ. ಆ ಕಟ್ಟಡದಲ್ಲಿ ವರ್ಷಗಟ್ಟಲೆ ಓಡಾಡಿದವರ ತಲೆಯಲ್ಲಿ ಇರುತ್ತದೆ. ಯಾವ ಮೂಲೆಯಲ್ಲಿ ವಿದ್ಯಾರ್ಥಿಗಳು ಪುಸ್ತಕ ಅಡಗಿಸಿಡುತ್ತಾರೆ ಎಂದು ಅವರಿಗೆ ಗೊತ್ತು. ಗುತ್ತಿಗೆ ಮುಗಿಯಿತೆಂದು ಅವರನ್ನು ಕಳಿಸಿ ಹೊಸಬರನ್ನು ತಂದಾಗ ಈ ತಿಳಿವಳಿಕೆಯೂ ಅವರ ಜೊತೆ ಗೇಟು ದಾಟಿ ಹೋಗುತ್ತದೆ. ಬಹಳ ಕಡೆ ಈ ಕೆಲಸಕ್ಕೆ ಹಾಕುವುದು ತಾತ್ಕಾಲಿಕ ನೌಕರರನ್ನು, ಇಲ್ಲವೇ ಅರೆಕಾಲಿಕ ವಿದ್ಯಾರ್ಥಿಗಳನ್ನು. ಅವರು ಕಲಿತು ಕೈಹಿಡಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಗ್ರಂಥಾಲಯದಲ್ಲಿ ನಾನು ಕಾಣುವ ಅತಿ ದೊಡ್ಡ ನಷ್ಟ ಇದೇ, ಕಳ್ಳತನಕ್ಕಿಂತಲೂ ದೊಡ್ಡದು.

ಅಡಗಿಸಿಡುವ ವಿಷಯ ಬಂತು. ಪರೀಕ್ಷೆ ಹತ್ತಿರವಾದಾಗ ಇರುವ ಒಂದೇ ಪ್ರತಿಯನ್ನು ಬೇರೆ ವಿಷಯದ ಕಪಾಟಿನ ಹಿಂದೆ ತಳ್ಳಿಡುವವರು ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ. ಕಾರ್ಡಿನ ಮಿತಿ ಮುಗಿದಿರುತ್ತದೆ, ಪುಸ್ತಕ ಕೊಳ್ಳುವ ಶಕ್ತಿ ಇರುವುದಿಲ್ಲ. ಅದಕ್ಕೆ ಪರಿಹಾರ ಸಿಸಿಟಿವಿ ಅಲ್ಲ. ಹೆಚ್ಚು ಬೇಡಿಕೆಯ ಪಠ್ಯಗಳನ್ನು ಕೌಂಟರ್ ಹಿಂದೆ ಇಟ್ಟುಕೊಂಡು ಒಬ್ಬರಿಗೆ ಎರಡು ಮೂರು ಗಂಟೆಗೆ ಮಾತ್ರ ಕೊಡುವ ಪದ್ಧತಿ ಹಳೆಯದು, ಚೆನ್ನಾಗಿ ನಡೆಯುತ್ತದೆ. ಆದರೆ ಅದಕ್ಕೂ ಕೌಂಟರ್‌ನಲ್ಲಿ ಮನುಷ್ಯರು ಬೇಕು. ಯಾವ ಪುಸ್ತಕ ಬೇಕಾಗುತ್ತದೆ ಎಂದು ಮೇಷ್ಟ್ರುಗಳು ಸೆಮಿಸ್ಟರ್ ಶುರುವಾಗುವ ಮೊದಲೇ ಪಟ್ಟಿ ಕೊಡಬೇಕು. ಪಟ್ಟಿ ಬರುವುದು ಪರೀಕ್ಷೆಗೆ ಹದಿನೈದು ದಿನ ಇರುವಾಗ. ಮೇಷ್ಟ್ರುಗಳೇ, ನಿಮ್ಮ ಕೋಣೆಯ ಕಪಾಟಿನಲ್ಲಿ ವರ್ಷಗಳಿಂದ ಕೂತಿರುವ ಗ್ರಂಥಾಲಯದ ಪುಸ್ತಕಗಳನ್ನೂ ದಯವಿಟ್ಟು ಒಮ್ಮೆ ನೋಡಿ. ನಿಮಗೆ ಅದು ಬೇಕಾದಾಗ ನಾವು ಮತ್ತೆ ಕೊಡುತ್ತೇವೆ. ಅದಕ್ಕೆ ಕಾಯುತ್ತಿರುವ ಸಂಶೋಧನಾ ವಿದ್ಯಾರ್ಥಿಗೆ ನಿಮ್ಮ ಬಾಗಿಲು ತಟ್ಟುವ ಧೈರ್ಯ ಇರುವುದಿಲ್ಲ.

ದಂಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಕೌಂಟರ್‌ನಲ್ಲಿ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಅದಕ್ಕೇ. ನಿಯಮ ಮಾಡಿದವರು ಸಭೆ ಮುಗಿಸಿ ಹೋಗಿರುತ್ತಾರೆ, ಬೈಗುಳ ಕೇಳುವವರು ನಾವು. ಇರಲಿ, ಅದು ಈ ಕೆಲಸದಲ್ಲಿ ಇದ್ದದ್ದೇ. ನಮಗೆ ಬೇಕಾಗಿರುವುದು ದುಡ್ಡಲ್ಲ, ಪುಸ್ತಕ. ದಂಡ ಏರಿದಷ್ಟೂ ಕೆಲವರು ಪುಸ್ತಕ ತಂದುಕೊಡುವುದನ್ನೇ ನಿಲ್ಲಿಸುತ್ತಾರೆ, ಎದುರಿಗೆ ಬರಲು ಹೆದರುತ್ತಾರೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಂಥ ದೊಡ್ಡ ಸಂಸ್ಥೆ 2021ರಲ್ಲಿ ತಡವಾದದ್ದಕ್ಕೆ ಹಾಕುವ ದಂಡವನ್ನು ಪೂರ್ತಿ ತೆಗೆದುಹಾಕಿತು. ಕಳೆದುಹಾಕಿದ ಪುಸ್ತಕದ ಬೆಲೆಯನ್ನು ಮಾತ್ರ ಕಟ್ಟಬೇಕು. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅದು ಹಾಗೇ ಹೊಂದುವುದಿಲ್ಲ, ಯಾಕೆಂದರೆ ಇಲ್ಲಿ ಒಂದೇ ಪುಸ್ತಕಕ್ಕೆ ಒಂದೇ ವಾರದಲ್ಲಿ ಇಡೀ ತರಗತಿ ಕಾದಿರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಯಾರೂ ಕಾಯದಿರುವ ಪುಸ್ತಕಕ್ಕೆ ದಂಡ ಬೇಡ, ತಾನಾಗಿ ರಿನ್ಯೂ ಆಗಲಿ. ಇನ್ನೊಬ್ಬರು ರಿಸರ್ವ್ ಮಾಡಿದ ಪುಸ್ತಕವನ್ನು ಹಿಡಿದಿಟ್ಟುಕೊಂಡರೆ ಮಾತ್ರ ದಂಡ ಇರಲಿ. ಇದನ್ನು ಕೌಂಟರ್‌ನವರು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಯಾರೂ ಕೇಳಿಲ್ಲ.

ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ವಿದ್ಯಾರ್ಥಿ ಪುಸ್ತಕ ವಾಪಸ್ ಕೊಟ್ಟಿದ್ದೇನೆ ಎನ್ನುತ್ತಾನೆ, ಕಂಪ್ಯೂಟರ್ ಕೊಟ್ಟಿಲ್ಲ ಎನ್ನುತ್ತದೆ. ಇಂಥದ್ದು ಎಲ್ಲಾ ಗ್ರಂಥಾಲಯದಲ್ಲೂ ಆಗುತ್ತದೆ. ಗಲಾಟೆಯ ಹೊತ್ತಿನಲ್ಲಿ ಸ್ಕ್ಯಾನ್ ಸರಿಯಾಗಿ ಆಗಿರುವುದಿಲ್ಲ, ಅಥವಾ ಎರಡು ತೆಳು ಪುಸ್ತಕ ಒಟ್ಟಿಗೆ ಇಟ್ಟಾಗ ರೇಡಿಯೋ ತರಂಗದಿಂದ ಟ್ಯಾಗ್ ಓದುವ ಆರ್‌ಎಫ್‌ಐಡಿ ಯಂತ್ರ ಒಂದನ್ನೇ ಓದಿರುತ್ತದೆ. ಗ್ರಂಥಾಲಯಗಳ ಟ್ಯಾಗ್‌ಗಳು ಸಾಮಾನ್ಯವಾಗಿ 13.56 ಮೆಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತವೆ. ಒಂದರ ಮೇಲೆ ಒಂದು ಟ್ಯಾಗ್ ಸರಿಯಾಗಿ ಕೂತರೆ, ಹತ್ತಿರದಲ್ಲಿ ಲೋಹ ಇದ್ದರೆ, ಓದುವುದು ತಪ್ಪುತ್ತದೆ. ಅದಕ್ಕೇ ವಿದ್ಯಾರ್ಥಿಯ ಮೇಲೆ ಅನುಮಾನ ಪಡುವ ಮೊದಲು ಕಪಾಟಿಗೆ ಹೋಗಿ ಹುಡುಕುವುದು ನಿಯಮವಾಗಿರಬೇಕು. ಎಷ್ಟೋ ಸಲ ಪುಸ್ತಕ ಅಲ್ಲೇ ಇರುತ್ತದೆ. ಹುಡುಕುವವರು ಇಲ್ಲದಿದ್ದರೆ? ಆ ವಿದ್ಯಾರ್ಥಿಗೆ ಬಾಕಿ ಇಲ್ಲ ಎನ್ನುವ ನೋ ಡ್ಯೂ ಪತ್ರ ಸಿಗುವುದಿಲ್ಲ, ಅಂಕಪಟ್ಟಿ ನಿಲ್ಲುತ್ತದೆ, ಸೇರಬೇಕಾದ ಕೆಲಸಕ್ಕೋ ಮುಂದಿನ ಕೋರ್ಸಿಗೋ ದಿನ ಮೀರುತ್ತದೆ. ಕೊಟ್ಟ ಪುಸ್ತಕಕ್ಕೆ ಮತ್ತೆ ದುಡ್ಡು ಕಟ್ಟಿ, ಕಣ್ಣು ತುಂಬಿಕೊಂಡು ಹೋಗುವವರನ್ನು ನಾವು ನೋಡಿದ್ದೇವೆ. ಇದನ್ನು ತಡೆಯಲು ಬೇಕಾಗಿರುವುದು ಅರ್ಧ ಗಂಟೆ ಮತ್ತು ಕಪಾಟು ಗೊತ್ತಿರುವ ಒಬ್ಬರು.

ಕಿಯಾಸ್ಕ್‌ಗೆ ನಾನು ವಿರೋಧಿಯಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಸಾಲು ಕರಗುತ್ತದೆ, ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಇನ್ನೊಂದಿದೆ. ಖಿನ್ನತೆ ಬಗ್ಗೆಯೋ, ತನ್ನ ದೇಹದ ಬಗ್ಗೆಯೋ, ಮನೆಯಲ್ಲಿನ ಹಿಂಸೆಯ ಬಗ್ಗೆಯೋ ಪುಸ್ತಕ ಬೇಕಾದವರು ಯಾರ ಮುಖವನ್ನೂ ನೋಡದೆ ತೆಗೆದುಕೊಂಡು ಹೋಗಬಹುದು. ಯಾರು ಏನು ಓದುತ್ತಾರೆ ಎನ್ನುವುದು ಅವರ ಸ್ವಂತ ವಿಷಯ. ಹಳೆಯ ಕಾಲದಲ್ಲೂ ಇದಕ್ಕೆ ಬೆಲೆ ಇತ್ತು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಗ್ರಂಥಪಾಲಕಿ ನೀನಾ ಬ್ರೌನ್ ರೂಪಿಸಿದ ಪದ್ಧತಿಯಲ್ಲಿ ಪುಸ್ತಕದ ಕಾರ್ಡನ್ನು ಜೇಬಿನಂತಿದ್ದ ಓದುಗರ ಟಿಕೆಟ್‌ನೊಳಗೆ ಸೇರಿಸಿ ತಟ್ಟೆಯಲ್ಲಿ ನಿಲ್ಲಿಸಿಡುತ್ತಿದ್ದರು. ಪುಸ್ತಕ ಬಂದ ಕೂಡಲೇ ಕಾರ್ಡ್ ಪುಸ್ತಕಕ್ಕೆ, ಟಿಕೆಟ್ ಓದುಗರಿಗೆ. ಯಾರು ಓದಿದ್ದರು ಎನ್ನುವ ಗುರುತೇ ಉಳಿಯುತ್ತಿರಲಿಲ್ಲ. ಇವತ್ತಿನ ತಂತ್ರಾಂಶ ಎಲ್ಲವನ್ನೂ ನೆನಪಿಟ್ಟುಕೊಳ್ಳಬಲ್ಲದು. ಹಾಗಾಗಿ ಯಾವ ವಿದ್ಯಾರ್ಥಿ ಯಾವ ಪುಸ್ತಕ ಒಯ್ದಿದ್ದಾನೆ ಎಂದು ಫೋನ್ ಮಾಡಿ ಕೇಳುವ ಅಧಿಕಾರಿಗಳಿಗೆ ನಾವು ಹೇಳುವುದಿಲ್ಲ. ಅದು ಅಹಂಕಾರ ಅಲ್ಲ, ಈ ವೃತ್ತಿಯ ನೀತಿ. ಅಮೆರಿಕದ ಗ್ರಂಥಾಲಯ ಸಂಘ 1930ರ ದಶಕದ ಕೊನೆಯಲ್ಲೇ ಇದನ್ನು ತನ್ನ ನೀತಿಸಂಹಿತೆಯಲ್ಲಿ ಬರೆದಿಟ್ಟಿತ್ತು. ಪುಸ್ತಕ ವಾಪಸ್ ಬಂದು ಲೆಕ್ಕ ಚುಕ್ತಾ ಆದ ಮೇಲೆ ಓದುಗರ ಹೆಸರನ್ನು ದಾಖಲೆಯಿಂದ ಬಿಡಿಸುವ ಸೌಲಭ್ಯ ಕೋಹಾದಲ್ಲಿ ಇದೆ. ಅದನ್ನು ಬಳಸಲು ಅನುಮತಿ ಕೊಡಿ. ಹಣ ಖರ್ಚಾಗುವುದಿಲ್ಲ.

ಯಂತ್ರ ಬಂದ ಮೇಲೆ ಉಳಿಯುವ ಸಮಯ ಎಲ್ಲಿಗೆ ಹೋಗಬೇಕು ಎನ್ನುವುದಷ್ಟೇ ನನ್ನ ತಕರಾರು. ಅದು ಕಪಾಟಿಗೆ ಹೋಗಬೇಕು. ನಮ್ಮ ಭಾಷೆಯಲ್ಲಿ ಶೆಲ್ಫ್ ರೆಕ್ಟಿಫಿಕೇಶನ್ ಎನ್ನುತ್ತೇವೆ. ಒಬ್ಬರು ಒಂದು ವಿಭಾಗದ ಎದುರು ನಿಂತು, ಮೊದಲ ಪುಸ್ತಕದಿಂದ ಕೊನೆಯದರ ತನಕ ಒಂದೊಂದೇ ಲೇಬಲ್ ಓದುತ್ತಾ, ತಪ್ಪಿದ್ದನ್ನು ಸರಿಮಾಡುತ್ತಾ ಹೋಗುವುದು. ಕುತ್ತಿಗೆ ಓರೆ ಮಾಡಿ, ಕೆಳಗಿನ ಸಾಲಿಗೆ ಮಂಡಿಯೂರಿ, ಮೇಲಿನದಕ್ಕೆ ಏಣಿ ಹತ್ತಿ. ದೂಳು ಮೂಗಿಗೆ ಹೋಗುತ್ತದೆ. ಒಂದು ಗಂಟೆಗಿಂತ ಜಾಸ್ತಿ ಒಂದೇ ಸಮ ಮಾಡಿದರೆ ಕಣ್ಣು ಅಂಕಿಗಳನ್ನು ಹಾರಿಸಲು ಶುರು ಮಾಡುತ್ತದೆ, ಅದಕ್ಕೇ ದಿನಕ್ಕೆ ಸ್ವಲ್ಪ ಸ್ವಲ್ಪ, ಪ್ರತಿ ದಿನ ನಡೆಯಬೇಕು. ವರ್ಷಕ್ಕೊಮ್ಮೆ ಸ್ಟಾಕ್ ವೆರಿಫಿಕೇಶನ್ ಹೆಸರಲ್ಲಿ ಎಲ್ಲರನ್ನೂ ಓಡಾಡಿಸಿದರೆ ಕಾಣೆಯಾದ ಪುಸ್ತಕಗಳ ಪಟ್ಟಿ ಸಿಗುತ್ತದೆ. ಅಷ್ಟರಲ್ಲಿ ಅದನ್ನು ಹುಡುಕಿ ಬಂದಿದ್ದ ವಿದ್ಯಾರ್ಥಿ ಪದವಿ ಮುಗಿಸಿ ಹೋಗಿರುತ್ತಾನೆ.

ಎಸ್. ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಬರೆದ ಐದು ಸೂತ್ರಗಳು ಗ್ರಂಥಾಲಯ ವಿಜ್ಞಾನದ ಮೊದಲ ಪಾಠ. ಪುಸ್ತಕಗಳು ಇರುವುದು ಬಳಕೆಗೆ ಎನ್ನುವುದು ಮೊದಲನೆಯದು. ಓದುಗರ ಸಮಯ ಉಳಿಸಿ ಎನ್ನುವುದು ನಾಲ್ಕನೆಯದು. ಸಮಿತಿಯ ಸಭೆಗಳಲ್ಲಿ ಈ ಸೂತ್ರಗಳನ್ನು ಭಾಷಣದ ಆರಂಭಕ್ಕೆ ಹೇಳುವುದನ್ನು ಕೇಳಿದ್ದೇನೆ. ಆ ನಾಲ್ಕನೆಯದನ್ನು ಅಳತೆಗೋಲಾಗಿ ಹಿಡಿದು ನೋಡಿ ಎಂದು ಕೇಳುತ್ತೇನೆ. ಕೌಂಟರ್‌ನಲ್ಲಿ ಓದುಗರು ನಿಂತ ಎರಡು ನಿಮಿಷವನ್ನು ಕಿಯಾಸ್ಕ್ ಉಳಿಸುತ್ತದೆ. ಕಪಾಟಿನ ಎದುರು ಸಿಗದ ಪುಸ್ತಕಕ್ಕೆ ಅವರು ಕಳೆಯುವ ಮುಕ್ಕಾಲು ಗಂಟೆಯನ್ನು ಯಾರು ಉಳಿಸುತ್ತಾರೆ?

ಹಾಗಾಗಿ ನಾನು ಕೇಳುವುದು ದೊಡ್ಡದಲ್ಲ. ತಿಂಗಳ ವರದಿಗೆ ಎರಡು ಕಾಲಂ ಸೇರಿಸಿ. ವಾಪಸ್ ಬಂದ ಪುಸ್ತಕ ಕಪಾಟು ಸೇರಲು ಸರಾಸರಿ ಎಷ್ಟು ಹೊತ್ತಾಯಿತು ಎನ್ನುವುದು ಒಂದು. ಓದುಗರು ಕೇಳಿಯೂ ಸಿಗದ ಪುಸ್ತಕ ಎಷ್ಟು, ಅದರಲ್ಲಿ ನಾವು ಹುಡುಕಿಕೊಟ್ಟದ್ದು ಎಷ್ಟು ಎನ್ನುವುದು ಇನ್ನೊಂದು. ಇದನ್ನು ಬರೆದಿಡುವುದು ಕಷ್ಟವಲ್ಲ, ಟ್ರಾಲಿಗೆ ಒಂದು ಚೀಟಿ ಅಂಟಿಸಿ ಹೊತ್ತು ಬರೆದರೆ ಸಾಕು. ಒಂದು ವರ್ಷ ಈ ಅಂಕಿ ನೋಡಿ, ಆಮೇಲೆ ಹುದ್ದೆಗಳ ಬಗ್ಗೆ ತೀರ್ಮಾನ ಮಾಡಿ. ಅಲ್ಲಿಯವರೆಗೆ ಕಪಾಟಿನ ಕೆಲಸದವರ ಗುತ್ತಿಗೆಯನ್ನು ಸೆಮಿಸ್ಟರ್ ಮಧ್ಯದಲ್ಲಿ ನಿಲ್ಲಿಸಬೇಡಿ. ಬಾಗಿಲು ತೆರೆಯುವ ಮುಂಚಿನ ಒಂದು ಗಂಟೆಯನ್ನು ಕೆಲಸದ ಹೊತ್ತು ಎಂದು ಒಪ್ಪಿಕೊಳ್ಳಿ, ಈಗ ಅದು ನಮ್ಮ ಒಳ್ಳೆಯತನದ ಮೇಲೆ ನಡೆಯುತ್ತಿದೆ. ಕಪಾಟುಗಳ ನಡುವೆ ಕೆಟ್ಟಿರುವ ದೀಪಗಳನ್ನು ಬದಲಾಯಿಸಿ. ಕೆಳಗಿನ ಸಾಲಿನ ಲೇಬಲ್ ಓದಲು ಮೊಬೈಲ್ ಬೆಳಕು ಹಿಡಿಯಬೇಕಾಗಿದೆ. ದೂಳಿಗೆ ಮಾಸ್ಕ್ ಕೊಡಿ, ಅಲುಗಾಡದ ಏಣಿ ಕೊಡಿ, ಚಕ್ರ ಸರಿಯಿರುವ ಟ್ರಾಲಿ ಕೊಡಿ.

ಮುಂದಿನ ಗ್ರಂಥಾಲಯ ಸಮಿತಿ ಸಭೆಗೆ ಕೌಂಟರ್‌ನಿಂದ ಒಬ್ಬರನ್ನು, ಕಪಾಟಿನ ಕೆಲಸದವರಲ್ಲಿ ಒಬ್ಬರನ್ನು ಕರೆಯಿರಿ. ಚಹಾ ತಂದುಕೊಡಲು ಅಲ್ಲ, ಮಾತಾಡಲು. ಕಿಯಾಸ್ಕ್ ಎಲ್ಲಿ ಇಡಬೇಕು, ಯಾವ ಪುಸ್ತಕಗಳಿಗೆ ಮೊದಲು ಟ್ಯಾಗ್ ಹಾಕಬೇಕು, ದಂಡದ ನಿಯಮ ಹೇಗಿರಬೇಕು ಎನ್ನುವುದರ ಬಗ್ಗೆ ಅವರ ಹತ್ತಿರ ಉತ್ತರ ಇದೆ. ಸಭೆಯ ದಿನಾಂಕ ಒಂದು ವಾರ ಮುಂಚೆ ತಿಳಿಸಿದರೆ ಅವತ್ತು ಕೌಂಟರ್ ನೋಡಿಕೊಳ್ಳಲು ಬೇರೆಯವರನ್ನು ನಾವೇ ಹೊಂದಿಸಿಕೊಳ್ಳುತ್ತೇವೆ.

ಇಂತಿ,
ಸರ್ಕ್ಯುಲೇಷನ್ ಕೌಂಟರ್‌ನಲ್ಲಿ ಕೆಲಸ ಮಾಡುವ ಒಬ್ಬರು